ಹುತ್ತದ್ದು ಅಂದುಬಿಟ್ಟೆ

ಮೊನ್ನೆ ಸಂಜೆ ಒಂದು ಬಟ್ಟೆ ಚೀಲಕ್ಕಾಗಿ ಏಣಿ ಹತ್ತಿ ಅಟ್ಟದ ಮೇಲಿನ ಟ್ರಂಕಿಗೆ ಕೈ ಹಾಕಿದೆ. ಚೀಲ ತಕ್ಷಣ ಸಿಗಲಿಲ್ಲ. ಹಳೆಯ ಕ್ಯಾಲೆಂಡರುಗಳ ನಡುವಿನಿಂದ ಒಂದು ಬಿಳಿ ಹಾಳೆ ಕೈಗೆ ಬಂತು. ಹಾಳೆಯ ಮಧ್ಯದಲ್ಲಿ ಕಾಫಿ ಲೋಟ ಇಟ್ಟು ತೆಗೆದ ಹಾಗೆ ಒಂದು ದುಂಡನೆಯ ಕಂದು ಗುರುತು. ಕನ್ನಡಕ ಏರಿಸಿ ನೋಡಿದರೆ ಲೋಟದ್ದಲ್ಲ, ನಡುವಿನಿಂದ ಅಂಚಿನವರೆಗೆ ಎಳೆ ಎಳೆಯಾಗಿ ಸಣ್ಣ ಗೆರೆಗಳು. ನೋಡಿದ್ದೇ ತಡ, ನನಗೆ ನಗು ಒತ್ತರಿಸಿಕೊಂಡು ಬಂತು. ಕೆಳಗೆ ಏಣಿ ಹಿಡಿದು ನಿಂತಿದ್ದ ನನ್ನ ಹೆಂಡತಿ ಪದ್ಮ, "ಏಣಿ ಅಲ್ಲಾಡ್ತಿದೆ ಕಣ್ರೀ. ನಗೋದಾದ್ರೆ ಇಳಿದು ನಗಿ" ಅಂದಳು. ಹಾಳೆ ತೋರಿಸಿದೆ. ಆಮೇಲೆ ಅವಳೂ ಏಣಿ ಬಿಟ್ಟು ನಕ್ಕಳು, ನಾನು ಹೇಗೋ ಬೀಳದೆ ಇಳಿದೆ.

ಅದೊಂದು ಅಣಬೆಯ ಗುರುತು. ಅಣಬೆಗೂ ನನಗೂ ಏನು ಸಂಬಂಧ ಅನ್ನುತ್ತೀರಾ? ಅದನ್ನು ಹೇಳಬೇಕಾದರೆ ನಮ್ಮ ನಿಂಗಾಜತ್ತೆಯಿಂದ ಶುರುಮಾಡಬೇಕು. ಅವಸರವಿಲ್ಲ ತಾನೆ? ಕೂತುಕೊಳ್ಳಿ.

ನಿಂಗಾಜತ್ತೆ ನಮ್ಮಪ್ಪನ ತಂಗಿ. ನಮ್ಮದು ಇಲವಾಲದ ಕಡೆಯ ಬೇಸಾಯದ ಮನೆತನ. ನಾನು ಮಾತ್ರ ಮಣ್ಣು ಬಿಟ್ಟು ಕಾಗದ ಹಿಡಿದೆ. ಮೈಸೂರಿನ ಲಷ್ಕರ್ ಮೊಹಲ್ಲಾದ ಒಂದು ಸಂದಿಯಲ್ಲಿ ನನ್ನದು ಪುಸ್ತಕ ಬೈಂಡಿಂಗ್ ಮಾಡುವ ಪುಟ್ಟ ಅಂಗಡಿ, ಮನೆ ರಾಮಕೃಷ್ಣನಗರದಲ್ಲಿ. ಅತ್ತೆ ಇಲವಾಲದಲ್ಲಿ ಮಕ್ಕಳು ಮೊಮ್ಮಕ್ಕಳ ಮೇಲೆ ದರ್ಬಾರು ನಡೆಸಿಕೊಂಡು ಇದ್ದಾರೆ. ಆ ದರ್ಬಾರು ಅತ್ಯಂತ ಕಟ್ಟುನಿಟ್ಟಾಗುವುದು ಮಳೆಗಾಲದಲ್ಲಿ, ಗುಡುಗು ಶುರುವಾದ ಮೇಲೆ. ಏಕೆಂದರೆ ಗುಡುಗಿದ ಮೇಲೆ ಅಣಬೆ ಏಳುತ್ತದೆ.

ನಿಮ್ಮ ಮನೆಯಲ್ಲಿ ಹೇಗೋ, ನಮ್ಮ ಮನೆತನದಲ್ಲಿ ಅಣಬೆ ಅಂದರೆ ಒಬ್ಬರನ್ನೊಬ್ಬರು ನಂಬುವುದಿಲ್ಲ. ಹುತ್ತದ ಅಣಬೆ ವರ್ಷ ವರ್ಷವೂ ಅದೇ ಹುತ್ತದಲ್ಲಿ ಏಳುತ್ತದಲ್ಲ, ಅದಕ್ಕೇ ಜಾಗ ಯಾರಿಗೂ ಹೇಳುವುದಿಲ್ಲ. ಗಂಡ ಹೆಂಡತಿಗೆ ಹೇಳುವುದಿಲ್ಲ, ಅಣ್ಣ ತಮ್ಮನಿಗೆ ಹೇಳುವುದಿಲ್ಲ. ನಮ್ಮ ದೊಡ್ಡಪ್ಪ ಚೀಲ ಹಿಡಿದು ಮೂಡಲಿಗೆ ಹೊರಟರೆ ಪಡುವಲಿಂದ ವಾಪಸ್ಸು ಬರುತ್ತಿದ್ದರು, ನಡುವೆ ಎಷ್ಟು ಮೈಲಿ ಸುತ್ತುತ್ತಿದ್ದರೋ ದೇವರಿಗೇ ಗೊತ್ತು. ಅಂಥ ಮನೆಯಲ್ಲೂ ಒಂದು ಕಟ್ಟಳೆ ಇತ್ತು. ಯಾರ ಹೊಲ ಅನ್ನುವುದನ್ನು ಮುಚ್ಚಿಡಬಹುದು, ಎಂಥ ನೆಲ ಅನ್ನುವುದನ್ನು ಮುಚ್ಚಿಡುವ ಹಾಗಿಲ್ಲ. ಅಣಬೆ ತಂದವರನ್ನು ಅಡುಗೆ ಮಾಡುವವರು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾರೆ: "ಹುತ್ತವೋ, ಬೇಲಿಯೋ, ತಿಪ್ಪೆಯೋ, ಮರದ ಬುಡವೋ?" ಇದಕ್ಕೆ ನಿಜ ಹೇಳಲೇಬೇಕು. ತಿನ್ನುವವರ ಪ್ರಾಣ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ. "ಅಣಬೆ ಮೊಕ ನೋಡಿ ಸೇರಿಸ್ಕೋಬಾರ್ದು ಕಣ್ಲಾ, ಅದು ಎದ್ದ ಮನೆ ಯಾವ್ದು ಅಂತ ಕೇಳ್ಬೇಕು" ಎಂದು ಅತ್ತೆ ನನಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು.

ಹೇಳಿಕೊಟ್ಟು ಏನು ಬಂತು? ನನ್ನ ಕಣ್ಣಿಗೆ ಅಣಬೆ ಬೀಳುತ್ತಲೇ ಇರಲಿಲ್ಲ. ಐದು ವರ್ಷದ ಮಕ್ಕಳು ಲಂಗದ ತುಂಬ ತುಂಬಿಕೊಂಡು ಬರುತ್ತಿದ್ದವು, ನಾನು ಬರಿಗೈಯಲ್ಲಿ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಬರುತ್ತಿದ್ದೆ. "ನಮ್ಮಣ್ಣನ ಮಗ ಅಣಬೆ ಮೇಲೇ ಕುಂತ್ಕಂಡು ಅಣಬೆ ಎಲ್ಲಿ ಅಂತಾನೆ" ಎಂದು ಅತ್ತೆ ಊರಿಗೆಲ್ಲ ಹೇಳಿ ನಗಿಸುತ್ತಿದ್ದರು. ಅದು ನಿಜವಾಗಿ ಒಂದು ಸಲ ನಡೆದಿತ್ತು ಕೂಡ. ಅದನ್ನು ಇಲ್ಲಿ ವಿವರಿಸುವುದಿಲ್ಲ.

ಮೂರು ಮಳೆಗಾಲದ ಹಿಂದೆ ಅತ್ತೆಯ ಮಂಡಿ ಕೈಕೊಟ್ಟಿತು. ತಮ್ಮ ಹುತ್ತದವರೆಗೆ ಒಬ್ಬರೇ ನಡೆಯಲಾಗದು ಎಂದಾದಾಗ ಅವರು ಮನೆಯವರನ್ನೆಲ್ಲ ಕೂರಿಸಿಕೊಂಡು, "ನನ್ನ ಜಾಗ ಒಬ್ರಿಗೆ ಹೇಳ್ತೀನಿ. ಒಬ್ರಿಗೇ. ಯಾರಿಗೆ ಅಂತ ಇನ್ನೂ ನೋಡ್ತಾವ್ನಿ" ಎಂದು ಘೋಷಿಸಿದರು. ಅತ್ತೆಯ ಹುತ್ತ! ಒಂದೊಂದು ಸಲಕ್ಕೆ ಮಂಕರಿ ತುಂಬ ಬಿಳಿ ಅಣಬೆ ಕೊಡುವ ಹುತ್ತ. ಅವರ ಗಂಡನಿಗೇ ಕೊನೆವರೆಗೂ ಗೊತ್ತಾಗದ ಹುತ್ತ. ಹೊಲ ಗದ್ದೆ ಪಾಲಾದಾಗಲೂ ನಮ್ಮವರು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಮಕ್ಕಳು, ಸೊಸೆಯರು, ಅಳಿಯ, ಎಲ್ಲರೂ ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಲು ಸರದಿ ನಿಂತರು. ನನಗೂ ಆಸೆ ಹುಟ್ಟಿತು. ಐವತ್ತೆರಡು ವರ್ಷಕ್ಕೆ ಅಂಥ ಆಸೆ ಹುಟ್ಟಬಾರದು, ಆದರೆ ಹುಟ್ಟಿತು. ಅಣಬೆ ಕಾಣದವನು ಎಂಬ ಹೆಸರು ಅಳಿಸಿ, ಅತ್ತೆಯ ಬಾಯಿಂದ ಆ ಜಾಗ ನನ್ನ ಕಿವಿಗೆ ಬೀಳಬೇಕು ಅಂತ.

ಅದೇ ತಿಂಗಳು ಅತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮೈಸೂರಿಗೆ ಬಂದು ನಮ್ಮ ಮನೆಯಲ್ಲಿ ಉಳಿದರು. ಆಪರೇಷನ್ ಆಯಿತು. ಡಾಕ್ಟರು ಕೊಟ್ಟ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ನಮ್ಮ ಜಗಲಿಯ ಮೇಲೆ ಕೂತರೆ ಬೀದಿಯ ಮಂದಿ ಒಂದು ಕ್ಷಣ ನಿಂತು ನೋಡಿ ಹೋಗುತ್ತಿದ್ದರು.

ಆಗ ಬಂತು ಆ ಬೆಳಗ್ಗೆ. ಹಿಂದಿನ ದಿನ ಒಳ್ಳೆಯ ಗುಡುಗು, ಮಳೆ. ನಾನು ವಾಕಿಂಗ್ ಮುಗಿಸಿ ಹಿಂದಿನ ಬೀದಿಯಿಂದ ಬರುತ್ತಿದ್ದೆ. ಅಲ್ಲಿ ವಸುಧಾ ಮೇಡಂ ಎಂಬುವರ ಮನೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು, ನನಗೆ ಆಗ ಬರೀ ಮುಖ ಪರಿಚಯ. ಅವರ ಕಾಂಪೌಂಡಿನಲ್ಲಿ ಎರಡಾಳೆತ್ತರದ ಒಂದು ಪೈನ್ ಮರ. ಗೇಟು ತೆರೆದಿತ್ತು. ಮರದ ಕೆಳಗೆ, ಉದುರಿದ ಸೂಜಿ ಎಲೆಗಳ ನಡುವೆ, ಕಂದು ಬಣ್ಣದ ಅಣಬೆಗಳು! ನನ್ನ ಕಣ್ಣಿಗೆ! ಒಂದಲ್ಲ, ಎರಡಲ್ಲ, ಹದಿನಾಲ್ಕು. ಒಂದೊಂದರ ಪಕ್ಕದಲ್ಲೂ ಐಸ್‌ಕ್ರೀಮ್ ಕಡ್ಡಿ ಚುಚ್ಚಿ ಅದರ ಮೇಲೆ ಒಂದು, ಎರಡು, ಮೂರು ಎಂದು ನಂಬರು ಬರೆದಿತ್ತು. ಬೇರೆ ಯಾರಾದರೂ ಆಗಿದ್ದರೆ ಏನು ಯೋಚಿಸುತ್ತಿದ್ದರೋ, ನಮ್ಮ ಮನೆತನದ ಬುದ್ಧಿಗೆ ಹೊಳೆದದ್ದು ಒಂದೇ: ಯಾರೋ ನನಗಿಂತ ಮುಂಚೆ ನೋಡಿ ಗುರುತು ಹಾಕಿಕೊಂಡು ಹೋಗಿದ್ದಾರೆ, ಚೀಲ ತರಲು ಹೋಗಿರಬೇಕು, ಬೇಗ ಮಾಡು!

ಜೇಬಿನಲ್ಲಿ ಬೈಂಡಿಂಗ್ ಚಾಕು ಯಾವಾಗಲೂ ಇರುತ್ತದೆ. ಹದಿನಾಲ್ಕನ್ನೂ ಕುಯ್ದು ಟವೆಲ್ಲಿನಲ್ಲಿ ಗಂಟು ಕಟ್ಟಿದೆ. ಗುರುತು ಉಳಿಯಬಾರದೆಂದು ಹದಿನಾಲ್ಕು ಕಡ್ಡಿಯನ್ನೂ ಕಿತ್ತು ಪ್ಯಾಂಟಿನ ಜೇಬಿಗೆ ತುರುಕಿದೆ. ಮನೆಗೆ ಓಡಿಯೇ ಬಂದೆ ಅನ್ನಬೇಕು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಪದ್ಮಳಿಗೆ ಇದು ಗೊತ್ತು, ಹಾಗಾಗಿ ಬರೆಯಲು ಅಡ್ಡಿಯಿಲ್ಲ.

"ಅತ್ತೆ, ಅಣಬೆ ತಂದಿದ್ದೀನಿ!"

ಅತ್ತೆ ಕಪ್ಪು ಕನ್ನಡಕ ನನ್ನ ಕಡೆ ತಿರುಗಿಸಿದರು. "ನೀನಾ?"

ಟವೆಲ್ಲು ಬಿಚ್ಚಿದೆ. ಆ ಕನ್ನಡಕದಲ್ಲಿ ಅವರಿಗೆ ಎಲ್ಲವೂ ಒಂದೇ ಬಣ್ಣ. ಒಂದನ್ನು ಎತ್ತಿಕೊಂಡು ಬೆರಳಲ್ಲೇ ತಡಕಿ ನೋಡಿದರು. "ಇದೇನ್ಲಾ ಅಂಚು ಒಳಿಕ್ಕೆ ಸುತ್ಕಂಡದೆ? ಸೀರೆ ಅಂಚು ಮಡಚಿ ಹೊಲ್ದಂಗೆ?" ಮೂಸಿದರು. "ತಲೆ ಮೇಲೆ ಮೊನೆ ಇಲ್ವಲ್ಲ, ಗುಂಡಿ ಬಿದ್ದದೆ. ಬೇರು ಎಲ್ಲಿ?"

"ಕುಯ್ದುಬಿಟ್ಟೆ ಅತ್ತೆ. ಬೇರು ಒಳಗೇ ಉಳೀತು."

ಆಮೇಲೆ ಅವರು ಕೇಳಿಯೇ ಕೇಳಿದರು. "ಹುತ್ತವೋ, ಬೇಲಿಯೋ, ತಿಪ್ಪೆಯೋ, ಮರದ ಬುಡವೋ?"

ಇಲ್ಲಿ ಸ್ವಲ್ಪ ನನ್ನ ಪರಿಸ್ಥಿತಿ ಅರ್ಥಮಾಡಿಕೊಳ್ಳಿ. ಮರದ ಬುಡ ಅಂದರೆ ಯಾವ ಮರ ಅನ್ನುತ್ತಾರೆ. ಪೈನ್ ಅಂದರೆ ರಾಮಕೃಷ್ಣನಗರದಲ್ಲಿ ಅಂಥದ್ದು ಇರುವುದು ಒಂದೇ. ಅಲ್ಲಿಗೆ ನನ್ನ ಜಾಗವೂ ಹೋಯಿತು, ಹಿಂದಿನ ಬೀದಿಯವರ ಕಾಂಪೌಂಡಿಗೆ ನುಗ್ಗಿದವನು ಅನ್ನುವ ಹೆಸರೂ ಬಂತು, ಅತ್ತೆಯ ಹುತ್ತವೂ ಕೈಬಿಟ್ಟಿತು. ನಾಲಿಗೆ ತಾನಾಗಿ ಹೊರಳಿತು.

"ಹುತ್ತದ್ದು" ಅಂದುಬಿಟ್ಟೆ.

ಅತ್ತೆಯ ಮುಖದ ಮೇಲಿದ್ದ ಅನುಮಾನವೆಲ್ಲ ಇಳಿದುಹೋಯಿತು. "ಹುತ್ತದ್ದು ಅಂದ್ಮೇಲೆ ಇನ್ನೇನು. ಪಟ್ಟಣದ ಹುತ್ತ, ಅಣಬೇನೂ ಪಟ್ಟಣದವರಂಗೆ ಅಂಚು ಮಡಚ್ಕಂಡದೆ. ಪದ್ಮಾ, ಮಸಾಲೆ ಹುರಿಯಮ್ಮ!" ಎಂದು ಎದ್ದರು. ನನ್ನ ಬೆನ್ನ ಮೇಲೆ ಒಂದು ಏಟು ಹಾಕಿ, "ಕಣ್ಣು ಬಂತು ಕಣೋ ನಿಂಗೆ. ಪೊರೆ ತೆಗ್ದಿದ್ದು ನಂದೋ ನಿಂದೋ!" ಅಂದರು. ನಾನು ನೆಲದಿಂದ ಒಂದು ಗೇಣು ಮೇಲೆ ನಡೆದಾಡುತ್ತಿದ್ದೆ. ಅಂಗಡಿಗೆ ಹೋಗಲಿಲ್ಲ. ಇಲವಾಲಕ್ಕೆ ಫೋನು ಮಾಡಿ ಅತ್ತೆಯ ಅಳಿಯನಿಗೆ ಸುಮ್ಮನೆ ವಿಷಯ ತಿಳಿಸಿದೆ. ಅವನು ಪಟಕ್ಕನೆ ಫೋನು ಇಟ್ಟುಬಿಟ್ಟ.

ಹನ್ನೆರಡನ್ನು ಹೆಚ್ಚಿ ಪಾತ್ರೆಗೆ ಹಾಕಿದರು. ಎರಡನ್ನು ಸಂಜೆ ಕೆಂಡದ ಮೇಲೆ ಸುಡಲೆಂದು ಮೊರದಲ್ಲಿ ಇಟ್ಟರು. ಹೆಚ್ಚುವಾಗ ಪದ್ಮ, "ಚಾಕು ತಾಗಿದ ಕಡೆಯೆಲ್ಲ ಕಂದಾಗ್ತಿದೆ ಅತ್ತೆ" ಅಂದದ್ದು ನನಗೆ ಕೇಳಿಸಿತು. "ಬದ್ನೆಕಾಯೂ ಆಯ್ತದೆ ಬುಡು" ಅಂದರು ಅತ್ತೆ. ಮನೆಯೆಲ್ಲ ಹುರಿದ ಕೊತ್ತಂಬರಿ, ಚಕ್ಕೆ, ಲವಂಗದ ಘಮ. ಮುದ್ದೆಗೆ ಎಸರಿಟ್ಟಾಗಿತ್ತು.

ಗೇಟಿನ ಸದ್ದಾಯಿತು. ಹೊರಗೆ ಬಂದರೆ ವಸುಧಾ ಮೇಡಂ! ಕೂದಲು ಕೆದರಿತ್ತು, ಕಾಲಿಗೆ ಎರಡು ಬೇರೆ ಬೇರೆ ಚಪ್ಪಲಿ. ನನ್ನ ಕೈ ತಾನಾಗಿ ಜೇಬಿನ ಕಡ್ಡಿಗಳನ್ನು ಒತ್ತಿ ಹಿಡಿಯಿತು.

"ನಿಮ್ಮ ಮನೇಲಿ ಎಲ್ಲಾ ಚೆನ್ನಾಗಿದ್ದೀರಾ? ಯಾರಿಗೂ ಹೊಟ್ಟೆನೋವು ಇಲ್ಲ ತಾನೆ?" ಎಂದರು ಮೇಡಂ ಏದುಸಿರು ಬಿಡುತ್ತ. "ನಮ್ಮ ಕಾಂಪೌಂಡಲ್ಲಿ ಅಣಬೆ ಎದ್ದಿತ್ತು ಕಣ್ರೀ. ದಿನಾ ಅಳೆದು ಬರೆದುಕೊಳ್ತಾ ಇದ್ದೆ. ಹಾಲು ತರೋಕೆ ಹೋಗಿ ಬರೋದ್ರಲ್ಲಿ ಯಾರೋ ಅಷ್ಟನ್ನೂ ಕುಯ್ಕೊಂಡು ಹೋಗಿದ್ದಾರೆ. ಕದ್ದವರ ಮೇಲೆ ನಂಗೆ ಕೋಪ ಇಲ್ಲ. ಅವರು ತಿಂದುಬಿಟ್ರೆ ಅಂತ ಜೀವ ಹೊಡ್ಕೋತಿದೆ. ಅದು ವಿಷ. ಬೇಯಿಸಿದ್ರೂ ಹೋಗಲ್ಲ. ಒಂದು ಸಲ ತಿಂದವರಿಗೆ ಏನೂ ಆಗದೇ ಇರಬಹುದು, ಇನ್ನೊಂದು ಸಲ ತಿಂದಾಗ ಮೈಯೊಳಗಿನ ರಕ್ತಾನೇ ಹಾಳಾಗುತ್ತೆ. ಇಪ್ಪತ್ತು ಮನೆ ಕೇಳಿಕೊಂಡು ಬಂದೆ. ನಿಮ್ಮಲ್ಲಿ ಏನೋ ಘಮಘಮ ಅಂತಿದೆಯಲ್ಲ?"

"ಬದನೆಕಾಯಿ" ಅಂದೆ. ಸುಳ್ಳು ಹೇಳಿ ಅಭ್ಯಾಸವಾಗಿಬಿಟ್ಟಿತ್ತು.

ಅವರನ್ನು ಜಗಲಿಯ ಮೇಲೆ ಕೂರಿಸಿ ಒಳಗೆ ಓಡಿದೆ. ನಿಜ ಹೇಳದೆಯೇ ಪಾರಾಗುವ ದಾರಿ ಹುಡುಕುತ್ತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಕೈ ತಗುಲಿದ ಹಾಗೆ ಪಾತ್ರೆ ಉರುಳಿಸೋಣ ಅಂದರೆ ಅತ್ತೆ ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಕಾವಲು ಕೂತಿದ್ದರು. "ಸೀದ ವಾಸನೆ ಬರ್ತಿದೆ, ಚೆಲ್ಲಿಬಿಡೋಣ" ಅಂದೆ. "ನಿನ್ ತಲೆ" ಅಂದರು. "ಪಾತ್ರೆಯಲ್ಲಿ ಹಲ್ಲಿ ಬಿದ್ದ ಹಾಗಾಯ್ತು" ಅಂದೆ. "ಎಲ್ಲಿ?" ಎಂದು ಪದ್ಮ ಟಾರ್ಚು ತಂದು ಸೂರೆಲ್ಲ ಹುಡುಕಿದಳು. ನಮ್ಮ ಮನೆಯ ಒಂದು ಹಲ್ಲಿಯೂ ಆ ಹೊತ್ತಿನಲ್ಲಿ ನನ್ನ ಸಹಾಯಕ್ಕೆ ಬರಲಿಲ್ಲ.

ಅಷ್ಟರಲ್ಲಿ ಅತ್ತೆ ಉಪ್ಪು ನೋಡಲು ಸೌಟಿನಿಂದ ಒಂದು ತೊಟ್ಟು ಸಾರನ್ನು ಅಂಗೈ ಮೇಲೆ ಬಿಟ್ಟುಕೊಂಡರು. ಅಂಗೈ ಬಾಯಿಯ ಕಡೆ ಹೊರಟಿತು. ಆ ಕೈಯಿಂದಲೇ ಅವರು ನನಗೆ ಚಿಕ್ಕಂದಿನಲ್ಲಿ ತುತ್ತು ತಿನ್ನಿಸಿದ್ದು.

"ಅತ್ತೇ, ಹುತ್ತದ್ದಲ್ಲ!" ಎಂದು ಕಿರುಚಿದೆ. "ಹಿಂದಿನ ಬೀದಿ ಮೇಡಂ ಕಾಂಪೌಂಡಿಂದು! ಪೈನ್ ಮರದ ಬುಡದ್ದು! ನಾನೇ ಕದ್ದಿದ್ದು!"

ಕೈ ಹಿಡಿಯಲು ಮುನ್ನುಗ್ಗಿದ ರಭಸಕ್ಕೆ ಜೇಬಿನಿಂದ ಹದಿನಾಲ್ಕು ಕಡ್ಡಿಗಳೂ ನೆಲಕ್ಕೆ ಸುರಿದವು. ಕೂಗು ಕೇಳಿ ಒಳಗೆ ಬಂದ ವಸುಧಾ ಮೇಡಂ ಅವನ್ನು ನೋಡಿದರು. ಬಗ್ಗಿ ಒಂದೊಂದಾಗಿ ಆರಿಸಿ ನಂಬರು ನೋಡಿಕೊಂಡು, "ಎಲ್ಲಾ ಇದೆ" ಎಂದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅಳುತ್ತಿದ್ದಾರೆ ಅಂದುಕೊಂಡೆ, ನೋಡಿದರೆ ನಗುತ್ತಿದ್ದರು. ಮೊದಲು ಸದ್ದಿಲ್ಲದೆ, ಆಮೇಲೆ ಗೋಡೆ ಹಿಡಿದುಕೊಂಡು. ಪದ್ಮ ಶುರುಮಾಡಿದಳು. ಕೊನೆಗೆ ನಾನೂ. ಭಯವೂ ನಗುವೂ ಬೆರೆತು ಮೂವರಿಗೂ ಕಣ್ಣಲ್ಲಿ ನೀರು.

ಅತ್ತೆ ನಗಲಿಲ್ಲ. ಎದ್ದು ಅಂಗೈಯನ್ನು ಸೋಪು ಹಾಕಿ ಮೂರು ಸಲ ತೊಳೆದುಕೊಂಡರು. "ನೆಲದ್ ಮಾತ್ನೇ ಸುಳ್ಳು ಹೇಳ್ದಾ?" ಅಂದರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ನನ್ನ ನಗು ಅಲ್ಲೇ ನಿಂತುಹೋಯಿತು.

ಸಾರನ್ನು ಹಿತ್ತಿಲಲ್ಲಿ ಗುಂಡಿ ತೋಡಿ ಹೂತೆವು. ಆ ಪಾತ್ರೆಯನ್ನು ಪದ್ಮ ಮತ್ತೆ ಒಲೆಯ ಮೇಲೆ ಏರಿಸಲಿಲ್ಲ, ಈಗ ಅದರಲ್ಲಿ ದೊಡ್ಡಪತ್ರೆ ಬೆಳೆದಿದೆ. ಮೊರದಲ್ಲಿ ಉಳಿದಿದ್ದ ಎರಡನ್ನು ಮೇಡಂ ಎತ್ತಿಕೊಂಡು ನಮಗೆ ಪಾಠ ಮಾಡಿದರು. ನೋಡಿ, ಟೋಪಿಯ ಅಂಚು ಒಳಗೆ ಸುರುಳಿ ಸುತ್ತಿದೆ. ಕೆಳಗಿನ ಪದರಗಳು ಕಾಂಡದ ಮೇಲೂ ಇಳಿದಿವೆ. ಉಗುರಿಂದ ನೂಕಿದರೆ ಪದರ ಟೋಪಿ ಬಿಟ್ಟು ಜಾರುತ್ತೆ, ಒತ್ತಿದ ಕಡೆ ಕಂದಾಗುತ್ತೆ. ಇದಕ್ಕೆ ಪ್ಯಾಕ್ಸಿಲಸ್ ಅಂತಾರೆ. ನಾವು ಬೇಕಾದರೆ ಸುರುಳಿಯಂಚಿನ ಅಣಬೆ ಅನ್ನೋಣ. "ಗುರುತೆಲ್ಲ ಸರಿಯಾಗಿದೆ. ಆದರೆ ಇದು ಚಳಿ ಸೀಮೆದು, ಕೆಲವು ಮರಗಳ ಬೇರಿಗೆ ಹೆಣೆದುಕೊಂಡೇ ಬದುಕೋದು. ಮೈಸೂರಿಗೆ ಹೇಗೆ ಬಂತು ಅಂತ ಒಂದು ವಾರದಿಂದ ತಲೆ ಕೆರ್ಕೋತಿದ್ದೀನಿ" ಎಂದರು.

ಕಪ್ಪು ಕನ್ನಡಕದ ಹಿಂದಿನಿಂದ ಅತ್ತೆಯ ದನಿ ಬಂತು. "ಜಾಗ ತೋರ್ಸಮ್ಮ."

ಅತ್ತೆಯನ್ನು ಆ ಕಡೆ ಈ ಕಡೆ ಹಿಡಿದುಕೊಂಡು ಹಿಂದಿನ ಬೀದಿಗೆ ಹೋದೆವು. ಅವರು ಮರದ ಬುಡದಲ್ಲಿ ಕಷ್ಟಪಟ್ಟು ಕೂತು ಸೂಜಿ ಎಲೆ ಸರಿಸಿದರು. ಒಂದು ಹಿಡಿ ಮಣ್ಣು ತೆಗೆದು ಹಿಸುಕಿದರು, ಮೂಸಿದರು. ನಾಲ್ಕು ಮಾರು ಆಚೆ ಕೈ ತೋರಿಸಿ ಇನ್ನೊಂದು ಹಿಡಿ ತರಿಸಿ ಅದನ್ನೂ ಹಿಸುಕಿದರು.

"ಈ ಮರ ಎಲ್ಲಿಂದ ತಂದ್ರವ್ವಾ?"

"ಊಟಿಯಿಂದ. ಹನ್ನೆರಡು ವರ್ಷ ಆಯ್ತು. ಮೊಣಕಾಲುದ್ದ ಇತ್ತು."

"ಬರೀ ಬೇರಲ್ಲಿ ತಂದ್ರೋ, ಮಣ್ಣ್ ಸಮೇತ್ವೋ?"

"ಮಣ್ಣು ಸಮೇತ, ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ತೊಡೆ ಮೇಲಿಟ್ಟುಕೊಂಡು ಬಂದೆ..." ಎಂದು ಮೇಡಂ ಮಾತು ಅರ್ಧಕ್ಕೇ ನಿಲ್ಲಿಸಿದರು.

"ಮತ್ತೆ! ಈ ಬುಡದ ಮಣ್ಣು ನಮ್ ಸೀಮೆದಲ್ಲ. ಮದ್ವೆ ಆಗಿ ಬಂದ ಹೆಣ್ಣಿನ ಜೊತೆ ತೌರಿಂದ ಒಂದು ಮುದುಕಿ ಬಂದು ಕುಂತ್ಕಳಾಕಿಲ್ವಾ, ಅಂಗೇ ಇದೂ ಬಂದದೆ. ಇಷ್ಟು ದಿನ ಒಳ್ಗಿತ್ತು. ಈಗ ಹೊರಿಕ್ಕೆ ತಲೆ ಹಾಕ್ಯದೆ."

ಮೇಡಂ ಮಣ್ಣುಗೈಯಲ್ಲೇ ಅತ್ತೆಯ ಎರಡು ಕೈಯನ್ನೂ ಹಿಡಿದುಕೊಂಡು ಕುಣಿಯುವುದೊಂದು ಬಾಕಿ. "ನೀವು ನಮ್ಮ ಕಾಲೇಜಿಗೆ ಬರಬೇಕಿತ್ತು ಕಣಮ್ಮ" ಎಂದರು. ಮಧ್ಯಾಹ್ನ ನಮ್ಮಲ್ಲೇ ಉಪ್ಪೆಸರು ಮುದ್ದೆ ಊಟ ಮಾಡಿದರು. ಮುದ್ದೆಯನ್ನು ನುಂಗಬೇಕು ಅನ್ನುವುದು ಗೊತ್ತಿಲ್ಲದೆ ಅಗಿದು ಅಗಿದು ಸುಸ್ತಾದರು. ಉಳಿದ ಅಣಬೆಯೊಂದರ ಟೋಪಿಯನ್ನು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ ಲೋಟ ಮುಚ್ಚಿಟ್ಟರು. ಬೆಳಗಾಗುವಷ್ಟರಲ್ಲಿ ಅದರ ಪುಡಿ ಉದುರಿ ಹಾಳೆಯ ಮೇಲೆ ಕಂದು ಗುರುತು ಬಿದ್ದಿತ್ತು. ಅದೂ ಒಂದು ಪರೀಕ್ಷೆಯಂತೆ. "ಇದು ನಿಮಗೇ ಇರಲಿ, ನೆನಪಿಗೆ" ಎಂದು ನನ್ನ ಕೈಗೆ ಕೊಟ್ಟರು.

ಅತ್ತೆ ಇಲವಾಲಕ್ಕೆ ಹೋದರು. ಹುತ್ತದ ಮಾತೇ ಎತ್ತಲಿಲ್ಲ. ಮೂರು ಮಳೆಗಾಲ ಕಳೆಯಿತು, ಮೂರರಲ್ಲೂ ಅವರ ಜಾಗದ ಅಣಬೆ ಯಾರ ಮನೆಗೂ ಬರಲಿಲ್ಲ. ಹಬ್ಬಕ್ಕೆ ಹೋದಾಗ ನಾನು ಆ ವಿಷಯ ಬಂದರೆ ಎದ್ದು ನೀರು ಕುಡಿಯಲು ಹೋಗುತ್ತಿದ್ದೆ. ಅತ್ತೆಯ ಜಾಗ ನನಗೆ ಸಿಗುವುದಿಲ್ಲ ಅನ್ನುವುದಕ್ಕಿಂತ, ನನ್ನ ಒಂದು ಮಾತನ್ನು ನಂಬಿ ಅವರು ಒಲೆ ಹಚ್ಚಿದ್ದರಲ್ಲ, ಅದು ನನ್ನನ್ನು ಬಹಳ ನೋಯಿಸುತ್ತಿತ್ತು.

ಮೊನ್ನೆ ಮಧ್ಯಾಹ್ನ ಗುಡುಗಿತು. ಸಂಜೆಗೆ ಅತ್ತೆಯ ಫೋನು. "ನಾಳೆ ಒತ್ತಾರೆ ಬಾ. ಬಟ್ಟೆ ಚೀಲ ತಕ್ಕಂಡ್ ಬಾ, ಪ್ಲಾಸ್ಟಿಕ್ ತರ್ಬೇಡ. ಯಾರ್ಗೂ ಹೇಳ್ಬೇಡ." ಇಟ್ಟುಬಿಟ್ಟರು. ಅದಕ್ಕೇ ನಾನು ಅಟ್ಟ ಹತ್ತಿದ್ದು.

ನಿನ್ನೆ ಬೆಳಗ್ಗೆ ಹೋದೆ. ಅತ್ತೆ ಕೋಲು ಊರಿಕೊಂಡು ಮುಂದೆ, ನಾನು ಹಿಂದೆ. ಮೂಡಲಿಗೆ ಹೊರಟು, ಬಳಸಿ, ಇನ್ನೊಂದು ಕಡೆಯಿಂದ ತಿರುಗಿದೆವು. ಮಂಡಿ ನೋವಿದ್ದರೂ ಬಳಸುವುದು ಮಾತ್ರ ಬಿಡಲಿಲ್ಲ. ಅರ್ಧ ದಾರಿಯಲ್ಲಿ ತಡೆಯಲಾರದೆ ಕೇಳಿದೆ. "ನನಗೇ ಯಾಕತ್ತೆ? ನಾನು ನೆಲದ ಮಾತಲ್ಲೇ ಸುಳ್ಳು ಹೇಳಿದವನು."

ಅತ್ತೆ ನಿಂತು ಉಸಿರು ತೆಗೆದುಕೊಂಡರು. "ನಮ್ ಮನೇಲಿ ಯಾರ್ಲಾ ಹೇಳಿಲ್ಲ? ನಿಮ್ ದೊಡ್ಡಪ್ಪ ಹೇಳಿದ್ದ. ನಮ್ ಅಳೀಮಯ್ಯ ಈಗ್ಲೂ ಹೇಳ್ತಾನೆ, ನಾನು ಮೂಸಿ ಕಂಡ್ಹಿಡ್ದು ಬಿಸಾಕ್ತೀನಿ. ತೊಟ್ಟು ಬಾಯಿಗೋಗೋಕ್ ಮುಂಚೆ ಕಿರುಚ್ಕಂಡೋನು ನೀನೊಬ್ನೇ. ಅದೂ ಪರೂರಿನ್ ಹೆಂಗಸ್ರ ಮುಂದೆ, ಜೇಬಿನ್ ಕಡ್ಡಿಯೆಲ್ಲ ಚೆಲ್ಕಂಡು." ಮೂರು ವರ್ಷ ಕಟ್ಟಿಟ್ಟುಕೊಂಡಿದ್ದ ನಗು ಅವರಿಗೆ ಅಲ್ಲಿ ಬಂತು. ಕೋಲು ನನ್ನ ಕೈಗೆ ಕೊಟ್ಟು, ನನ್ನ ಹೆಗಲು ಹಿಡಿದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು. ನಾನು ಅವರನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಚೀಲ ತುಂಬಿ ಬಂತು. ಒಂದು ಪಾಲು ವಸುಧಾ ಮೇಡಂಗೆ ಕೊಟ್ಟೆ. ಅವರು ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, ನಮ್ಮ ಮನೆತನದ ಹೆಂಗಸಿನ ಹಾಗೆಯೇ, "ಹುತ್ತವೋ, ಬೇಲಿಯೋ, ತಿಪ್ಪೆಯೋ, ಮರದ ಬುಡವೋ?" ಎಂದು ಕೇಳಿ, ಉತ್ತರ ಬಂದ ಮೇಲೆಯೇ ಒಳಗೆ ತೆಗೆದುಕೊಂಡರು. ಕಂದು ಗುರುತಿನ ಆ ಹಾಳೆಗೆ ಇವತ್ತು ಅಂಗಡಿಯಲ್ಲಿ ರಟ್ಟು ಕಟ್ಟಿದೆ, ಅಡುಗೆಮನೆಯ ಗೋಡೆಗೆ ಹಾಕುತ್ತೇನೆ.

ಇಷ್ಟು ಹೊತ್ತು ನನ್ನ ಜೊತೆ ಕೂತು ಕೇಳಿದ್ದೀರಿ, ಅತ್ತೆಯ ಜಾಗ ಎಲ್ಲಿ ಎಂದು ಕೇಳುವ ಆಸೆ ನಿಮಗೂ ಇರುತ್ತದೆ. ಯಾರ ಹೊಲ ಅಂತ ಹೇಳಲಾರೆ, ಕೋಪ ಮಾಡಿಕೊಳ್ಳಬೇಡಿ. ಎಂಥ ನೆಲ ಅಂತ ಕೇಳಿದರೆ ಹೇಳುತ್ತೇನೆ. ಹುತ್ತದ್ದು. ಈ ಸಲ ನಿಜವಾಗಿಯೂ ಹುತ್ತದ್ದು.